ಸೈನ್ಯದ ಸಂಬಳ ಹಂಚಿದವನ ಲೆಕ್ಕ ಕೂಡದಿದ್ದರೆ ಸರ್ಕಾರ ಯಾಕೆ ಮನ್ನಾ ಮಾಡಬೇಕು?

ಬಿಡಿಲೆಕ್ಕ
ಅಮೆರಿಕದ 19ನೇ ಶತಮಾನದ ಕಾಯ್ದೆ ಸಂಪುಟಗಳನ್ನು ತಿರುವಿ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಸೈನ್ಯದ ಪೇಮಾಸ್ಟರ್‌ಗಳು, ಅಂದರೆ ಸಿಪಾಯಿಗಳಿಗೆ ಸಂಬಳ ಬಟವಾಡೆ ಮಾಡುತ್ತಿದ್ದ ಅಧಿಕಾರಿಗಳು, ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಪ್ರತ್ಯೇಕ ಕಾನೂನು. "ಇಂಥವರ ಪರಿಹಾರಕ್ಕಾಗಿ ಕಾಯ್ದೆ" ಅಂತ ಶೀರ್ಷಿಕೆ. ಯುದ್ಧದಲ್ಲಿ ಲೆಕ್ಕ ತಾಳೆಯಾಗಲಿಲ್ಲ, ಆಡಿಟ್‌ನವರು ಬಾಕಿ ತೋರಿಸಿದರು, ಕಾಂಗ್ರೆಸ್ (ಅಲ್ಲಿನ ಸಂಸತ್ತು, ನಮ್ಮ ಪಕ್ಷ ಅಲ್ಲ) ಅದನ್ನು ಕೈಬಿಟ್ಟಿತು, ಇಷ್ಟೇ ಕಥೆ.

ನನ್ನ ಪ್ರಶ್ನೆ: ಆಡಿಟ್ ಇದೆ, ಕೋರ್ಟ್ ಇದೆ. ಒಬ್ಬ ಮೇಜರನ (ಪೇಮಾಸ್ಟರ್ ದರ್ಜೆ ಅದು) ಬಾಕಿ ಚುಕ್ತಾ ಮಾಡೋಕೆ ದೇಶದ ಸಂಸತ್ತೇ ಕೂತು ಕಾನೂನು ಮಾಡಬೇಕಾ? ಮೇಲ್ನೋಟಕ್ಕೆ ವಶೀಲಿ ಅನ್ನಿಸುತ್ತೆ. ಗೊತ್ತಿರೋರು ಹೇಳಿ.

ಸುಮ್ನೆಓದುಗ
ಹೆಸರು ಹಾಕಿ ಕಾನೂನು ಮಾಡ್ತಾರೆ ಅಂದ್ಮೇಲೆ ವಶೀಲಿನೇ ಬಿಡಿ.

ಹಳೇಕಡತ
ಅಷ್ಟು ಬೇಗ ತೀರ್ಪು ಕೊಡಬೇಡಿ. ಮೊದಲು ಅಲ್ಲಿನ ನಿಯಮ ಎಷ್ಟು ಬಿಗಿ ಇತ್ತು ನೋಡಿ.

ಸರ್ಕಾರಿ ಹಣ ಕೈಯಲ್ಲಿ ಹಿಡಿಯುವವನು ಕೆಲಸಕ್ಕೆ ಸೇರುವಾಗ ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆದುಕೊಡಬೇಕು. "ಬಂದ ಹಣಕ್ಕೆಲ್ಲ ಲೆಕ್ಕ ಕೊಡುತ್ತೇನೆ, ಉಳಿದದ್ದನ್ನು ಕೇಳಿದಾಗ ಕಟ್ಟುತ್ತೇನೆ" ಅನ್ನುವುದು ಅದರ ತಿರುಳು. 1845ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರೆಸ್ಕಾಟ್ ಅನ್ನುವವರ ಮೊಕದ್ದಮೆಯಲ್ಲಿ ಇದನ್ನು ಅಕ್ಷರಶಃ ಓದಿತು. ಪ್ರೆಸ್ಕಾಟ್ ಷಿಕಾಗೋದಲ್ಲಿ ಸರ್ಕಾರಿ ಹಣ ಸ್ವೀಕರಿಸುವ ಅಧಿಕಾರಿ. ಹಣ ಕಳವಾಯಿತು, ನನ್ನ ನಿರ್ಲಕ್ಷ್ಯ ಏನೂ ಇಲ್ಲ ಅಂತ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಮುಚ್ಚಳಿಕೆಯಲ್ಲಿ "ಕಳವಾದರೆ ಹೊರತು" ಅಂತ ಬರೆದಿಲ್ಲ, ಆದ್ದರಿಂದ ಕಟ್ಟು ಅಂದರು.

ಸಾಮಾನ್ಯವಾಗಿ ಒಬ್ಬರ ಸೊತ್ತನ್ನು ಇನ್ನೊಬ್ಬರು ಕಾಪಾಡುವಾಗ ಎಚ್ಚರಿಕೆ ವಹಿಸಿದ್ದರೆ ಸಾಕು. ಇಲ್ಲಿ ಎಚ್ಚರಿಕೆ ಸಾಲದು. ಹಣವೇ ಇರಬೇಕು.

ಧಾರವಾಡಪೇಡೆ
ಹಂಗಂದ್ರ ಕಳ್ಳ ತಿಜೋರಿ ಒಡದ್ರೂ ಇವನ ಕೊಡಬೇಕೇನ್ರೀ? ಯುದ್ಧದಾಗ ಎದುರಾಳಿ ಬಂದು ಬಂದೂಕು ಹಿಡದು ಕಸಗೊಂಡ್ರೂ? ಇದೆಂಥಾ ನ್ಯಾಯ್ರೀ ಇದು.

ಹಳೇಕಡತ
ಕಳ್ಳನ ವಿಷಯದಲ್ಲಿ ಹೌದು, ಕೊಡಬೇಕು. ಶತ್ರು ಸೈನ್ಯದ ವಿಷಯ ಬೇರೆ, ಅದು 1872ರವರೆಗೆ ಸ್ಪಷ್ಟವಾಗಲಿಲ್ಲ. ಅದಕ್ಕೆ ಆಮೇಲೆ ಬರೋಣ. ನ್ಯಾಯಾಧೀಶರ ಭಯ ಏನಿತ್ತು ಅಂದರೆ, "ಕಳುವಾಯಿತು" ಅನ್ನುವ ಒಂದು ಮಾತಿಗೆ ಬಾಗಿಲು ತೆರೆದರೆ ಹಣ ನುಂಗಿದ ಪ್ರತಿಯೊಬ್ಬನೂ ಕಿಟಕಿ ಒಡೆದು ತೋರಿಸುತ್ತಾನೆ.

ತಾಳೆಪಟ್ಟಿ
ಎಲ್ಲರೂ ಕಳವಿನ ಹಿಂದೆ ಬಿದ್ದಿದ್ದೀರಿ. ಪೇಮಾಸ್ಟರ್‌ಗಳ ಬಾಕಿ ಬೆಳೆಯೋಕೆ ಕಳ್ಳ ಬೇಕಾಗಿರಲಿಲ್ಲ, ಸಂಬಳದ ಪಟ್ಟಿಯೇ ಸಾಕಿತ್ತು. ಅಂತರ್ಯುದ್ಧದ ಕಾಲದ (1861–65) ಪದ್ಧತಿ ಹೇಳುತ್ತೇನೆ.

ಎರಡು ತಿಂಗಳಿಗೊಮ್ಮೆ ಹಾಜರಿ: ಫೆಬ್ರವರಿ, ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್‌ಗಳ ಕೊನೇ ದಿನ. ಅವತ್ತಿನ ಹಾಜರಿ ಮೇಲೆ ಪ್ರತಿ ಕಂಪನಿಯ ಕ್ಯಾಪ್ಟನ್ ಮಸ್ಟರ್ ಮತ್ತು ಪೇ ರೋಲ್, ಅಂದರೆ ಹಾಜರಿ ಮತ್ತು ಸಂಬಳದ ಪಟ್ಟಿ, ಬರೆಯುತ್ತಾನೆ. ಅದು ಪೇಮಾಸ್ಟರ್ ಕೈಗೆ ಬಂದ ಮೇಲೆ ಅವನ ಗುಮಾಸ್ತ ಅಂಕಣ ತುಂಬುತ್ತಾನೆ: ಎಷ್ಟು ತಿಂಗಳು, ಎಷ್ಟು ದಿನ, ಯಾವ ದರ, ಏನೇನು ಕಡಿತ, ಕೈಗೆ ಎಷ್ಟು. ಸಿಪಾಯಿ ಸಹಿ ಹಾಕಬೇಕು. ಬರೆಯಲು ಬರದವನು ಗುರುತು ಹಾಕಿದರೆ ಪಕ್ಕದಲ್ಲಿ ಸಾಕ್ಷಿ ಸಹಿ. ಪ್ರತಿಗಳಲ್ಲಿ ಒಂದು ಪೇಮಾಸ್ಟರನ ಲೆಕ್ಕದ ಜೊತೆ ವಾಷಿಂಗ್ಟನ್‌ಗೆ ಹೋಗುತ್ತದೆ. ಅದೇ ಅವನ ವೋಚರ್. ಆ ಕಾಗದ ಇಲ್ಲದಿದ್ದರೆ ರೆಜಿಮೆಂಟಿನ ಅಷ್ಟೂ ಜನ ಸಂಬಳ ತೆಗೆದುಕೊಂಡಿದ್ದರೂ ಖಜಾನೆ ಪುಸ್ತಕದಲ್ಲಿ ಅದು ಪೇಮಾಸ್ಟರ್ ಉಳಿಸಿಕೊಂಡ ಹಣ.

ಎಲ್ಲಿ ತಪ್ಪುತ್ತಿತ್ತು ನೋಡಿ. ಸಿಪಾಯಿಗೆ ತಿಂಗಳಿಗೆ 13 ಡಾಲರ್. ಬಟ್ಟೆ ಭತ್ಯೆ ತಿಂಗಳಿಗೆ 3.50 ಡಾಲರ್ ಲೆಕ್ಕ. ಅದಕ್ಕಿಂತ ಹೆಚ್ಚು ಬಟ್ಟೆ ತೆಗೆದುಕೊಂಡಿದ್ದರೆ ವ್ಯತ್ಯಾಸ ಸಂಬಳದಲ್ಲಿ ಮುರಿಯಬೇಕು, ಕಡಿಮೆ ತೆಗೆದುಕೊಂಡಿದ್ದರೆ ಅವನಿಗೇ ಸೇರಬೇಕು. ಬಂದೂಕು ಕಳೆದಿದ್ದರೆ ಅದರ ಬೆಲೆ ಮುರಿಯಬೇಕು. ಪಡೆಯ ಹಿಂದೆ ಅಂಗಡಿ ಇಟ್ಟುಕೊಂಡು ಬರುವ ಸಟ್ಲರನ ಸಾಲವನ್ನು 1862ರ ಮಾರ್ಚ್ ಕಾಯ್ದೆ ಪ್ರಕಾರ ತಿಂಗಳ ಸಂಬಳದ ಆರನೇ ಒಂದು ಭಾಗದವರೆಗೆ ಮಾತ್ರ ಹಿಡಿಯಬಹುದು. ಖಾಯಂ ಸೈನ್ಯದವನಾದರೆ ಸೋಲ್ಜರ್ಸ್ ಹೋಮ್ ನಿಧಿಗೆ ತಿಂಗಳಿಗೆ ಹನ್ನೆರಡೂವರೆ ಸೆಂಟ್. ಇದರಲ್ಲಿ ಒಂದನ್ನು ಬಿಟ್ಟರೂ ಸಿಪಾಯಿಗೆ ಹೆಚ್ಚು ಹೋಗುತ್ತದೆ. ಆ ಹೆಚ್ಚುವರಿಯನ್ನು ಆಡಿಟರ್ ಪೇಮಾಸ್ಟರನ ತಲೆಗೆ ಕಟ್ಟುತ್ತಾನೆ. ಹೆಚ್ಚು ತೆಗೆದುಕೊಂಡ ಸಿಪಾಯಿ ಅಷ್ಟರಲ್ಲಿ ಸತ್ತಿರುತ್ತಾನೆ, ಇಲ್ಲವೇ ಓಡಿಹೋಗಿರುತ್ತಾನೆ. ವಸೂಲಿ ಯಾರಿಂದ?

ಬಿಡಿಲೆಕ್ಕ
ದರ ಒಂದೇ ಇದ್ದರೆ ಇಷ್ಟು ಕಷ್ಟ ಏನು? 13 ಗುಣಿಸು ತಿಂಗಳು.

ತಾಳೆಪಟ್ಟಿ
ದರ ಒಂದೇ ಇರಲಿಲ್ಲವಲ್ಲ. 1864ರ ಜೂನ್‌ನಲ್ಲಿ ಕಾಯ್ದೆ ಬಂತು, 16 ಡಾಲರ್ ಅಂತು, ಆದರೆ ಜಾರಿ ಮೇ 1ರಿಂದ. ಮೇ ತಿಂಗಳಲ್ಲೇ ಬಿಡುಗಡೆಯಾಗಿ ಹೋದವನಿಗೆ 13ರ ಲೆಕ್ಕದಲ್ಲಿ ಕೊಟ್ಟಾಗಿದೆ. ಅವನು ಬಾಕಿ ಕೇಳಿಕೊಂಡು ಇನ್ನೊಬ್ಬ ಪೇಮಾಸ್ಟರ್ ಹತ್ತಿರ ಹೋಗುತ್ತಾನೆ.

ಕಪ್ಪು ಸಿಪಾಯಿಗಳ ಲೆಕ್ಕ ಇನ್ನೂ ಸಿಕ್ಕು. ಅವರಿಗೆ 10 ಡಾಲರ್, ಅದರಲ್ಲೂ 3 ಡಾಲರ್ ಬಟ್ಟೆಗೆಂದು ಮುರಿದು ಕೈಗೆ 7. ಬಿಳಿಯರಿಗೆ 13ರ ಜೊತೆ ಬಟ್ಟೆ ಭತ್ಯೆ ಬೇರೆ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನವರು ಆ ಸಂಬಳವೇ ಬೇಡ ಅಂತ ನಿರಾಕರಿಸಿದರು. 1864ರ ಜೂನ್ 15ರ ಕಾಯ್ದೆ ಆ ವರ್ಷದ ಜನವರಿ 1ರಿಂದ ಸಮಾನ ಮಾಡಿತು. ಅದಕ್ಕೂ ಹಿಂದಿನ ಬಾಕಿ ಬೇಕೆಂದರೆ 1861ರ ಏಪ್ರಿಲ್ 19ಕ್ಕೆ ಸ್ವತಂತ್ರನಾಗಿದ್ದೆ ಎಂದು ಪ್ರಮಾಣ ಮಾಡಬೇಕಿತ್ತು. ಆ ಮಾತು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ದಾಖಲಾಗಿರಬೇಕು. ದಾಖಲಾಗದೆ ಪೇಮಾಸ್ಟರ್ ಬಾಕಿ ಕೊಟ್ಟನೋ, ಆಡಿಟ್ ಆಕ್ಷೇಪಣೆ ಖಚಿತ.

ಇಷ್ಟು ಸಾಲದು ಅಂತ ಅಧಿಕಾರಿಗಳ ಆಟ ಬೇರೆ. ಅವರಿಗೆ ರೋಲ್ ಇಲ್ಲ, ತಿಂಗಳಿಗೊಂದು ವೋಚರ್ ತಾವೇ ಬರೆದುಕೊಡುತ್ತಾರೆ. ಒಂದೇ ತಿಂಗಳ ವೋಚರನ್ನು ಇಬ್ಬರು ಪೇಮಾಸ್ಟರ್‌ಗಳಿಗೆ ಕೊಟ್ಟು ಎರಡು ಸಲ ಹಣ ಎತ್ತಿದರೆ ಅದು ಹಿಡಿಸಿಗುವುದು ವಾಷಿಂಗ್ಟನ್‌ನಲ್ಲಿ ಎರಡೂ ಕಾಗದ ಒಂದೆಡೆ ಸೇರಿದಾಗ. ಅಷ್ಟರಲ್ಲಿ ಎಷ್ಟು ತಿಂಗಳಾಗಿರುತ್ತೋ.

ಒಂಟಿಕೊಪ್ಪಲ್
ಗುಮಾಸ್ತನ ತಪ್ಪಿಗೂ ಪೇಮಾಸ್ಟರ್ ಹೊಣೆನಾ ಸರ್?

ತಾಳೆಪಟ್ಟಿ
ಹೌದು. ಮುಚ್ಚಳಿಕೆ ಬರೆದದ್ದು ಪೇಮಾಸ್ಟರ್. ಗುಮಾಸ್ತ ರಾತ್ರಿ ದೀಪದ ಬೆಳಕಲ್ಲಿ ಕೂಡಿಸಿದ ಅಂಕಿಗೆ ಮೇಜರ್ ಜವಾಬು ಹೇಳಬೇಕು.

ಧಾರವಾಡಪೇಡೆ
ನಮ್ಮ ಕಡೆ ಡಿಡಿಓ (ಪಗಾರದ ಬಿಲ್ಲಿಗೆ ಸಹಿ ಹಾಕಿ ಹಣ ಬಿಡಿಸೋ ಅಧಿಕಾರಿ) ಸಾಹೇಬ್ರ ಹಣೇಬರಹ ಅಂದಂಗಾತು. ಬಿಲ್ ಬರಿಯಾಂವ ಒಬ್ಬ, ರಿಕವರಿ ಇನ್ನೊಬ್ಬನ ಪಗಾರದಾಗ.

ಬಿಡಿಲೆಕ್ಕ
ಸರಿ, ಆಕ್ಷೇಪಣೆ ಬಂತು ಅಂದುಕೊಳ್ಳಿ. ಆಮೇಲೆ? ಉತ್ತರ ಕೊಟ್ಟರೆ ಮುಗೀತಲ್ವಾ?

ತಾಳೆಪಟ್ಟಿ
ದಾರಿ ಹೀಗೆ. ಲೆಕ್ಕ ಮೊದಲು ಪೇಮಾಸ್ಟರ್ ಜನರಲ್ ಕಚೇರಿಗೆ, ಅಲ್ಲಿಂದ ಖಜಾನೆಯ ಎರಡನೇ ಆಡಿಟರಿಗೆ, ಅಲ್ಲಿಂದ ಎರಡನೇ ಕಂಟ್ರೋಲರಿಗೆ. ಐದು ಆಡಿಟರ್, ಇಬ್ಬರು ಕಂಟ್ರೋಲರ್ ಅನ್ನುವ ಈ ಏರ್ಪಾಡು 1817ರದ್ದು. ಸೈನ್ಯದ ಸಂಬಳ ಎರಡನೇ ಆಡಿಟರನ ಪಾಲು. ಕಂಟ್ರೋಲರ್ ಹೇಳಿದ್ದೇ ಇಲಾಖೆಯೊಳಗೆ ಕಡೇ ಮಾತು.

ವೋಚರಿನ ಗತಿ ಎರಡು ಬಗೆ. ಒಂದು ತಡೆಹಿಡಿದದ್ದು, ಅಂದರೆ ಸಾಕ್ಷಿ ಸಹಿ ಇಲ್ಲ, ದಿನಾಂಕ ಇಲ್ಲ, ಪ್ರಮಾಣಪತ್ರ ತಂದುಕೊಟ್ಟರೆ ಒಪ್ಪುತ್ತೇವೆ. ಇನ್ನೊಂದು ತಿರಸ್ಕೃತ, ಅಂದರೆ ಕಾನೂನು ಪ್ರಕಾರ ಈ ಹಣ ಕೊಡಲೇಬಾರದಿತ್ತು, ಯಾವ ಕಾಗದ ತಂದರೂ ಆಗದು. ಹೊಸ ಪೇಮಾಸ್ಟರ್‌ಗಳು ತಡೆಹಿಡಿದದ್ದನ್ನು ಹಗುರವಾಗಿ ತೆಗೆದುಕೊಂಡು ಕೆಡುತ್ತಿದ್ದರು. ಯುದ್ಧ ಮುಗಿದು ರೆಜಿಮೆಂಟ್ ಚದುರಿದ ಮೇಲೆ ಆ ಸಾಕ್ಷಿ ಸಹಿ ಹಾಕಬೇಕಾದ ಸಾರ್ಜೆಂಟನ್ನು ಎಲ್ಲಿಂದ ಹುಡುಕಿ ತರೋದು? ಸುಲಭದ ತಡೆ ಹೋಗಿ ಖಾಯಂ ಬಾಕಿಯಾಗುತ್ತದೆ.

ಲೆಕ್ಕ ಸಲ್ಲಿಸುವ ಗಡುವೂ ಬಿಗಿಯಾಯಿತು. 1823ರ ಕಾಯ್ದೆಯಲ್ಲಿ ಮೂರು ತಿಂಗಳಿಗೊಮ್ಮೆ ಇತ್ತು, 1862ರ ಜುಲೈಯಲ್ಲಿ ತಿಂಗಳಿಗೊಮ್ಮೆ ಮಾಡಿದರು. ಯುದ್ಧದ ನಡುವೆ ತಿಂಗಳು ತಿಂಗಳೂ!

ಕರಿಕೋಟು
ಇಲ್ಲಿಂದ ಮುಂದಿನದು ಕೋರ್ಟಿನ ಭಾಗ, ಅದನ್ನು ಹೇಳುತ್ತೇನೆ. ಬಾಕಿ ಕಟ್ಟದಿದ್ದರೆ ಸರ್ಕಾರ ದಾವೆ ಹೂಡುತ್ತದೆ. 1797ರ ಮಾರ್ಚ್ 3ರ ಕಾಯ್ದೆ ಪ್ರಕಾರ ಖಜಾನೆ ದೃಢೀಕರಿಸಿ ಕೊಟ್ಟ ಲೆಕ್ಕದ ನಕಲೇ ಸರ್ಕಾರದ ಪರ ಪುರಾವೆ. ಇನ್ನು ಪ್ರತಿವಾದಿ "ನನಗೂ ಬರಬೇಕಾದದ್ದಿದೆ" ಅನ್ನಬೇಕಾದರೆ ಆ ಬಾಬತ್ತನ್ನು ಮೊದಲು ಆಡಿಟರ್ ಮುಂದೆ ಇಟ್ಟು ತಿರಸ್ಕೃತ ಮಾಡಿಸಿಕೊಂಡು ಬಂದಿರಬೇಕು. ನೇರ ಕೋರ್ಟಿನಲ್ಲಿ ಹೊಸ ವೋಚರ್ ತೆಗೆಯುವ ಹಾಗಿಲ್ಲ. ಆಗ ವೋಚರ್ ನನ್ನ ಕೈಲಿರಲಿಲ್ಲ, ತಪ್ಪಿಸಲಾಗದ ಅವಘಡದಿಂದ ಆಗ ಕೊಡಲಾಗಲಿಲ್ಲ ಅಂತ ತೋರಿಸಿದರೆ ಮಾತ್ರ ವಿನಾಯಿತಿ.

@ತಾಳೆಪಟ್ಟಿ, ಕಂಟ್ರೋಲರದ್ದು ಕಡೇ ಮಾತು ಅಂದಿರಿ. ಇಲಾಖೆಯೊಳಗೆ ಸರಿ. ಜ್ಯೂರಿಗೆ ಅದು ಕಟ್ಟುಪಾಡಲ್ಲ. ತಿರಸ್ಕೃತ ವೋಚರನ್ನೂ ಜ್ಯೂರಿ ಒಪ್ಪಬಹುದು.

ಆದರೆ ತಮಾಷೆ ಇಲ್ಲಿದೆ. ಜ್ಯೂರಿ "ಇವನೇನೂ ಕೊಡಬೇಕಿಲ್ಲ, ಸರ್ಕಾರವೇ ಇವನಿಗೆ ಇಷ್ಟು ಕೊಡಬೇಕು" ಅಂದರೆ? ಮೊದಲರ್ಧ ನಡೆಯುತ್ತದೆ, ದಾವೆ ಬಿದ್ದುಹೋಗುತ್ತದೆ. ಎರಡನೇ ಅರ್ಧ ಬರೀ ಕಾಗದ. ಒಪ್ಪಿಗೆ ಇಲ್ಲದೆ ಸರ್ಕಾರದ ಮೇಲೆ ಡಿಕ್ರಿ ಆಗದು, ಸಂಸತ್ತು ಮಂಜೂರು ಮಾಡದೆ ಖಜಾನೆಯಿಂದ ಬಿಡಿಗಾಸೂ ಹೊರಬರದು. ಜೇಮ್ಸ್ ರೀಸೈಡ್ ಅನ್ನುವ ಅಂಚೆ ಗುತ್ತಿಗೆದಾರನ ಪರವಾಗಿ ಜ್ಯೂರಿ 1,88,000 ಡಾಲರಿಗೂ ಹೆಚ್ಚು ಬರಬೇಕೆಂದಿತು. ಆತ ತೀರಿಕೊಂಡ ಮೇಲೆ ಹೆಂಡತಿ ಸುಪ್ರೀಂ ಕೋರ್ಟಿಗೆ ಹೋದರು. 1850ರಲ್ಲಿ ಬಂದ ಉತ್ತರ: ಕಾಂಗ್ರೆಸ್ಸನ್ನು ಕೇಳಿ.

ಬಿಡಿಲೆಕ್ಕ ಅವರ ಪ್ರಶ್ನೆಗೆ ಉತ್ತರ ಇದೇ. ಸಂಸತ್ತಿಗೆ ಹೋದದ್ದು ವಶೀಲಿಗೆ ಅಲ್ಲ, ಬೇರೆ ಬಾಗಿಲೇ ಇರಲಿಲ್ಲ.

ಸುಮ್ನೆಓದುಗ
ಬಾಗಿಲು ಒಂದೇ ಇದ್ರೆ ಬಾಗಿಲು ಕಾಯೋನಿಗೆ ಮಾಮೂಲು ಜಾಸ್ತಿ ಅಲ್ವಾ ಲಾಯರ್ ಸಾಹೇಬ್ರೆ? ಅದೂ ವಶೀಲಿನೇ.

ಕರಿಕೋಟು
ಆ ಮಾತಿನಲ್ಲಿ ಹುರುಳಿದೆ, ಅಲ್ಲಗಳೆಯಲ್ಲ. ಪರಿಚಯದ ಸದಸ್ಯನಿದ್ದವನ ಅರ್ಜಿ ಬೇಗ ಸಾಗುತ್ತಿತ್ತು.

ಹಳೇಕಡತ
ಡೇನಿಯಲ್ ಟಾಂಪ್ಕಿನ್ಸ್ ಉದಾಹರಣೆ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಪೇಮಾಸ್ಟರ್ ಹುದ್ದೆಯವರಲ್ಲ, ಆದರೆ ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಮಾಡಿದ್ದು ಅದೇ ಕೆಲಸ. ನ್ಯೂಯಾರ್ಕ್ ಗವರ್ನರ್, 1814ರ ಅಕ್ಟೋಬರಿನಿಂದ ಮೂರನೇ ಸೇನಾ ಜಿಲ್ಲೆಯ ಮುಖ್ಯಸ್ಥ ಕೂಡ. ಕೇಂದ್ರದ ಖಜಾನೆ ಖಾಲಿ, ಸೈನಿಕರಿಗೆ ಸಂಬಳ ಕೊಡಬೇಕು. ಖಜಾನೆ ಪತ್ರ ಇಟ್ಟುಕೊಂಡು ಸಾಲ ಕೊಡಿ ಅಂದರೆ ಬ್ಯಾಂಕಿನವರು "ನಿಮ್ಮ ಸ್ವಂತ ಸಹಿಯೂ ಹಾಕಿ" ಅಂದರು. ಹಾಕಿದರು. ರಾಜ್ಯದ ಹಣ, ಕೇಂದ್ರದ ಹಣ, ತಮ್ಮ ಹೆಸರಲ್ಲಿ ಎತ್ತಿದ ಸಾಲ ಎಲ್ಲ ಒಂದರೊಳಗೊಂದು ಸೇರಿತು. ಸಿಪಾಯಿಗಳ ಕೈಗೆ ಹಣ ಮುಟ್ಟಿತು, ರಸೀದಿಗಳು ಪೂರ್ತಿ ಬರಲಿಲ್ಲ.

ಯುದ್ಧ ಮುಗಿದ ಮೇಲೆ ರಾಜ್ಯದ ಕಂಟ್ರೋಲರ್ ಆರ್ಚಿಬಾಲ್ಡ್ ಮೆಕಿಂಟೈರ್ ಲೆಕ್ಕ ನೋಡಿ 1,20,000 ಡಾಲರಿಗೆ ವೋಚರ್ ಎಲ್ಲಿ ಅಂದರು. ಟಾಂಪ್ಕಿನ್ಸ್ ತಿರುಗಿಸಿ, ಸಾಲ ಎತ್ತಿಕೊಟ್ಟದ್ದಕ್ಕೆ ನನಗೇ 2,50,000 ಡಾಲರ್ ಕಮಿಷನ್ ಬರಬೇಕು ಅಂದರು. ಆಗ ಅವರು ದೇಶದ ಉಪಾಧ್ಯಕ್ಷ ಬೇರೆ! 1820ರಲ್ಲಿ ಮತ್ತೆ ಗವರ್ನರ್ ಚುನಾವಣೆಗೆ ನಿಂತರೆ ಡಿವಿಟ್ ಕ್ಲಿಂಟನ್ ಎದುರು 1,500ಕ್ಕೂ ಕಡಿಮೆ ಮತಗಳಿಂದ ಸೋತರು. ರಾಜ್ಯದ ಕಡೆಯದು ಅದೇ ವರ್ಷ "ನಿನ್ನದೂ ಬೇಡ ನನ್ನದೂ ಬೇಡ" ಅನ್ನುವ ಹಾಗೆ ಮುಗಿಯಿತು. ಕೇಂದ್ರದ್ದು ಮುಗಿಯಲಿಲ್ಲ.

ಧಾರವಾಡಪೇಡೆ
ಉಪಾಧ್ಯಕ್ಷ ಇದ್ದಾಂವ ಅಂದ್ರ ಮನ್ನಾ ಆಗೇ ಆಗತೈತಿ ಬಿಡ್ರಿ. ಬಡ ಮೇಜರ್‌ಗೆ ಯಾರದಾರ?

ಹಳೇಕಡತ
ಉಪಾಧ್ಯಕ್ಷರ ಸಂಬಳವನ್ನೇ ತಡೆಹಿಡಿದರು ರೀ ಪೇಡೆ ಅವರೆ. ಸರ್ಕಾರಕ್ಕೆ ಬಾಕಿ ಇರುವವರಿಗೆ ಹಣ ಕೊಡಬಾರದು ಅಂತ 1822ರಲ್ಲಿ ಕಾನೂನಿನಲ್ಲಿ ಸೇರಿಸಿದರು, ಅದು ಅವರಿಗೂ ತಗುಲಿತು. ಇದೇ ನಿಯಮವನ್ನು 1828ರ ಜನವರಿಯಲ್ಲಿ ಎಲ್ಲರಿಗೂ ಖಾಯಂ ಮಾಡಿದರು. ಅವರ ಮೇಲೆ ದಾವೆಯೂ ಹೂಡಿದರು. 1822ರಲ್ಲಿ ಜ್ಯೂರಿ ಏನಂತು ಗೊತ್ತೇ? ಇವರು ಏನೂ ಕೊಡಬೇಕಿಲ್ಲ, ಇವರಿಗೇ 1,36,000 ಡಾಲರಿಗೂ ಹೆಚ್ಚು ಬರಬೇಕು.

ಕರಿಕೋಟು ಹೇಳಿದ ಹಾಗೆ ಆ ತೀರ್ಪಿನಿಂದ ಹಣ ಬರಲಿಲ್ಲ. ಅಧ್ಯಕ್ಷ ಮನ್ರೋ ಕಾಂಗ್ರೆಸ್ಸಿಗೆ ಎರಡು ಸಲ ಶಿಫಾರಸು ಮಾಡಬೇಕಾಯಿತು. 1823ರಲ್ಲಿ 35,000, 1824ರಲ್ಲಿ 60,000 ಚಿಲ್ಲರೆ. ಒಟ್ಟು ಸುಮಾರು 95,000. ಜ್ಯೂರಿ ಹೇಳಿದ್ದಕ್ಕಿಂತ 40,000 ಕಡಿಮೆ. 1825ರ ಮಾರ್ಚ್‌ನಲ್ಲಿ ಅಧಿಕಾರ ಬಿಟ್ಟರು, ಜೂನ್ 11ರಂದು ಸ್ಟೇಟನ್ ಐಲೆಂಡಿನಲ್ಲಿ ತೀರಿಕೊಂಡರು. ವಯಸ್ಸು 50. ಅಷ್ಟರಲ್ಲಿ ಕುಡಿತ ವಿಪರೀತ ಆಗಿತ್ತು.

ಒಂಟಿಕೊಪ್ಪಲ್
ಬ್ರಿಟನ್ನಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಕಥೆ. ಹೆನ್ರಿ ಫಾಕ್ಸ್, 1757ರಿಂದ 1765ರವರೆಗೆ ಪೇಮಾಸ್ಟರ್ ಜನರಲ್, ಏಳು ವರ್ಷಗಳ ಯುದ್ಧದ ಕಾಲ. ಅಲ್ಲಿ ಪದ್ಧತಿ ಏನೆಂದರೆ, ಹುದ್ದೆ ಬಿಟ್ಟ ಮೇಲೂ ಲೆಕ್ಕ ಅಂತಿಮವಾಗುವವರೆಗೆ ಉಳಿಕೆ ಹಣ ಅವರ ಹತ್ತಿರವೇ! ಅದನ್ನು ಬಡ್ಡಿಗೆ ಬಿಡಬಹುದು, ಬಡ್ಡಿ ಸ್ವಂತಕ್ಕೆ. ಲೆಕ್ಕ ಬೇಗ ಮುಗಿಸುವ ಉಸಾಬರಿ ಯಾರಿಗೆ ಬೇಕು? ಲೆಕ್ಕಕ್ಕೆ ಒತ್ತಾಯಿಸುವ ಕ್ರಮವನ್ನು ತಡೆಯಲು ರಾಜನ ಆದೇಶ ಪಡೆದು ಕಾಲ ತಳ್ಳಿದರು. 1769ರಲ್ಲಿ ಲಂಡನ್ ನಗರದವರು ರಾಜನಿಗೆ ಕೊಟ್ಟ ಅರ್ಜಿಯಲ್ಲಿ ಲೆಕ್ಕ ಕೊಡದ ಕೋಟಿಗಳ ಬಾಕಿದಾರ ಅನ್ನುವ ಅರ್ಥದಲ್ಲಿ ಹಂಗಿಸಿದರು. 1774ರಲ್ಲಿ ಸತ್ತಾಗಲೂ ಲೆಕ್ಕ ಚುಕ್ತಾ ಆಗಿರಲಿಲ್ಲ. 1780ರ ದಶಕದಲ್ಲಿ ತನಿಖಾ ಆಯೋಗ ಕೂತು ಆ ಉಳಿಕೆಯ ಬಡ್ಡಿಯೇ ಸುಮಾರು ಎರಡೂವರೆ ಲಕ್ಷ ಪೌಂಡ್ ಆಗುತ್ತದೆಂದು ಲೆಕ್ಕ ಹಾಕಿತು.

1782–83ರಲ್ಲಿ ಎಡ್ಮಂಡ್ ಬರ್ಕ್ ತಾವೇ ಪೇಮಾಸ್ಟರ್ ಆಗಿದ್ದಾಗ ಇದಕ್ಕೆ ಕತ್ತರಿ ಹಾಕಿಸಿದರು. ಹಣ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಹುದ್ದೆಯ ಹೆಸರಲ್ಲಿ ಇರಬೇಕು, ಪೇಮಾಸ್ಟರಿಗೆ ವರ್ಷಕ್ಕೆ 4,000 ಪೌಂಡ್ ಸಂಬಳ.

ಧಾರವಾಡಪೇಡೆ
ನೋಡ್ರಿ, ಒಬ್ಬಾಂವ ಸ್ವಂತ ಸಹಿ ಹಾಕಿ ಹಾಳಾದ, ಇನ್ನೊಬ್ಬಾಂವ ಬಡ್ಡಿ ತಿಂದು ಲಾರ್ಡ್ ಆದ. ಇಬ್ಬರ ಲೆಕ್ಕಾನೂ ಕೂಡಿರಲಿಲ್ಲ.

ಬಿಡಿಲೆಕ್ಕ
ಫಾಕ್ಸ್ ಕಥೆ ಬೇರೆ ಚರ್ಚೆಗೆ ಒಯ್ಯಿರಿ ದಯವಿಟ್ಟು, ಚೆನ್ನಾಗಿದೆ ಆದರೆ ದಾರಿ ತಪ್ಪುತ್ತೆ. ಅಂತರ್ಯುದ್ಧದ ನಂತರವೂ ಒಬ್ಬೊಬ್ಬರಿಗೆ ಒಂದೊಂದು ಕಾಯ್ದೆ ಮಾಡ್ತಾ ಕೂತರಾ? ಸಾವಿರಾರು ಜನ ಇರಬೇಕಲ್ಲ.

ಕರಿಕೋಟು
ಅದಕ್ಕೇ 1866ರ ಮೇ 9ರ ಕಾಯ್ದೆ ಬಂತು. ಪೇಮಾಸ್ಟರ್, ಕ್ವಾರ್ಟರ್‌ಮಾಸ್ಟರ್, ಕಮಿಸರಿ (ಈ ಇಬ್ಬರು ಸಾಮಗ್ರಿ, ಆಹಾರ ಒದಗಿಸುವವರು) ಅಥವಾ ಹಣ ಹಂಚುವ ಬೇರೆ ಯಾವುದೇ ಅಧಿಕಾರಿ, ಅವನು ಸತ್ತಿದ್ದರೆ ಅವನ ವಾರಸು ನಿರ್ವಾಹಕರು, ಸರ್ಕಾರದ ಮೇಲಿನ ಹಕ್ಕುಗಳನ್ನು ವಿಚಾರಿಸುವ ಕೋರ್ಟ್ ಆಫ್ ಕ್ಲೇಮ್ಸ್‌ಗೆ ಅರ್ಜಿ ಹಾಕಬಹುದು. ಕೋರ್ಟಿಗೆ ತೋರಿಸಬೇಕಾದದ್ದು ಇಷ್ಟು: ಕರ್ತವ್ಯದ ಮೇಲಿದ್ದೆ, ಹಣವೋ ವೋಚರೋ ದಾಖಲೆಯೋ ಶತ್ರುವಿನ ಕೈಸೇರಿ ಅಥವಾ ಬೇರೆ ರೀತಿಯಲ್ಲಿ ನಷ್ಟವಾಯಿತು, ನನ್ನ ತಪ್ಪು ಅಥವಾ ನಿರ್ಲಕ್ಷ್ಯ ಇಲ್ಲ, ಇಷ್ಟು ಮೊತ್ತ, ಅದಕ್ಕೆ ನನ್ನನ್ನು ಹೊಣೆ ಮಾಡಲಾಗಿದೆ.

ಗೆದ್ದರೆ ಕೋರ್ಟ್ ಕೈಗೆ ಹಣ ಕೊಡಿಸುವುದಿಲ್ಲ. ಇಷ್ಟು ಮೊತ್ತವನ್ನು ಇವನ ಖಾತೆಗೆ ಜಮಾ ಹಿಡಿಯಿರಿ ಅಂತ ಲೆಕ್ಕಾಧಿಕಾರಿಗಳಿಗೆ ಡಿಕ್ರಿ ಹೋಗುತ್ತದೆ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. "ಪರಿಹಾರ" ಅಂದ ಕೂಡಲೇ ಚೆಕ್ ಬರೆದರು ಅಂದುಕೊಳ್ಳುತ್ತಾರೆ. ಬಹುಪಾಲು ಸಲ ಇದು ಖಾತೆಯ ಒಂದು ಸಾಲು ಹೊಡೆದುಹಾಕುವ ಕೆಲಸ.

ಕಡಲತೀರ
ಪುರಾವೆ ಹೇಗೆ ಕೊಡೋದು ಆದರೆ? ತಿಜೋರಿಯಲ್ಲಿ ಎಷ್ಟಿತ್ತು ಅಂತ ಗೊತ್ತಿರೋದು ಅವನೊಬ್ಬನಿಗೆ.

ಕರಿಕೋಟು
ಒಳ್ಳೇ ಪ್ರಶ್ನೆ ಮೇಡಂ, ಕೋರ್ಟಿನಲ್ಲೂ ಇದೇ ಎದ್ದಿತು. 1868ರ ಜೂನ್ ಕಾಯ್ದೆ ಪ್ರಕಾರ ಕೋರ್ಟ್ ಆಫ್ ಕ್ಲೇಮ್ಸ್‌ನಲ್ಲಿ ಹಕ್ಕುದಾರನೇ ಸಾಕ್ಷಿ ಹೇಳುವಂತಿಲ್ಲ. ಕ್ಲಾರ್ಕ್ ಅನ್ನುವ ಸೇನಾ ಪೇಮಾಸ್ಟರನ ತಿಜೋರಿಯಿಂದ ಹಣ ಕಳವಾಗಿತ್ತು. ಕಳವಾದದ್ದಕ್ಕೆ ಬೇರೆ ಪುರಾವೆ ಇತ್ತು, ಒಳಗೆ ಎಷ್ಟಿತ್ತು ಎಂಬುದಕ್ಕೆ ಅವನ ಮಾತು ಬಿಟ್ಟರೆ ಬೇರೆ ಇಲ್ಲ. 1877ರಲ್ಲಿ ಸುಪ್ರೀಂ ಕೋರ್ಟ್, ಬೇರೆ ಪುರಾವೆ ಸಾಧ್ಯವೇ ಇಲ್ಲದ ಆ ಒಂದು ಅಂಶಕ್ಕೆ ಅವನ ಸಾಕ್ಷ್ಯ ತೆಗೆದುಕೊಳ್ಳಬಹುದು ಅಂದಿತು. ಪ್ರಯಾಣಿಕನ ಪೆಟ್ಟಿಗೆ ಕಳೆದಾಗ ಒಳಗೇನಿತ್ತು ಅಂತ ಪ್ರಯಾಣಿಕನನ್ನೇ ಕೇಳುವ ಹಳೆಯ ತತ್ವ.

ಅದೇ ಮೊಕದ್ದಮೆಯಲ್ಲಿ ಕಾಲಮಿತಿಯ ಪ್ರಶ್ನೆಯೂ ಇತ್ತು. ಆರು ವರ್ಷ ಯಾವಾಗಿನಿಂದ? ಕಳವಾದ ದಿನದಿಂದ ಅಲ್ಲ, ಲೆಕ್ಕಾಧಿಕಾರಿಗಳು ಜಮಾ ಕೊಡಲು ನಿರಾಕರಿಸಿ ಹೊಣೆ ಹೊರಿಸಿದಂದಿನಿಂದ. ಆಡಿಟ್ ವರ್ಷಾನುಗಟ್ಟಲೆ ಎಳೆಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಉಪಕಾರ.

ಕಡಲತೀರ
ಹಾಗಿದ್ರೆ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ಪಡೆಯ ನಾಯಕ ಮೋಸ್ಬಿಯ ಪ್ರಕರಣಕ್ಕೂ ಇದು ಅನ್ವಯಿಸಬೇಕು. 1864ರ ಅಕ್ಟೋಬರ್ 14, ನಸುಕಿಗೂ ಮುಂಚೆ, ಬಾಲ್ಟಿಮೋರ್ ಅಂಡ್ ಓಹಿಯೋ ರೈಲಿನ ಹಳಿ ಕಿತ್ತು ಗಾಡಿ ಬೀಳಿಸಿದರು. ಒಳಗೆ ಇಬ್ಬರು ಪೇಮಾಸ್ಟರ್‌ಗಳು, ಮೇಜರ್ ಮೂರ್ ಮತ್ತು ಮೇಜರ್ ರಗಲ್ಸ್. ಸುಮಾರು 1,73,000 ಡಾಲರ್ ಹೋಯಿತು. ಮೋಸ್ಬಿಯ ಸವಾರರು ತಲಾ 2,000ಕ್ಕೂ ಹೆಚ್ಚು ಹಂಚಿಕೊಂಡರು, ಮೋಸ್ಬಿ ಪಾಲು ತೆಗೆದುಕೊಳ್ಳಲಿಲ್ಲ. ಹೊಸ ಹಸಿರು ನೋಟುಗಳಾದ್ದರಿಂದ ಗ್ರೀನ್‌ಬ್ಯಾಕ್ ದಾಳಿ ಅಂತಲೇ ಹೆಸರು.

ತಾಳೆಪಟ್ಟಿ
ಅನ್ವಯಿಸುವ ನಮೂನೆ ಅದೇ. ಆದರೆ "ಶತ್ರು ಒಯ್ದ" ಅಂದಮಾತ್ರಕ್ಕೆ ಮುಗಿಯದು. ನಗದು ಯಾವ ದಿನ ಎಷ್ಟು ಪಡೆದ, ಆ ದಾರಿಯಲ್ಲಿ ಹೋಗಲು ಆದೇಶ ಇತ್ತೇ, ಕಾವಲು ಕೇಳಿದ್ದನೇ, ಹಿಂದಿನ ಬಟವಾಡೆಯ ರೋಲುಗಳು ಪೆಟ್ಟಿಗೆಯಲ್ಲೇ ಇದ್ದವೇ ಅಥವಾ ಕಳಿಸಿಯಾಗಿತ್ತೇ, ಇವಿಷ್ಟೂ ಬೇಕು. ಕೊನೆಯದು ಮುಖ್ಯ. ನಗದು ಹೋದರೆ ಹೋದಷ್ಟು. ರೋಲ್ ಹೋದರೆ ಈಗಾಗಲೇ ಕೊಟ್ಟ ಹಣವೂ ಮತ್ತೆ ಬಾಕಿ. ಜಾಣ ಪೇಮಾಸ್ಟರ್ ಒಂದು ರೆಜಿಮೆಂಟ್ ಮುಗಿದ ಕೂಡಲೇ ಒಂದು ಪ್ರತಿಯನ್ನು ಬೇರೆ ದಾರಿಯಲ್ಲಿ ಕಳಿಸಿಬಿಡುತ್ತಾನೆ.

ಹಳೇಕಡತ
ಶತ್ರುವಿನ ಮಾತು ಬಂದದ್ದಕ್ಕೆ, ಮೊದಲು ಬಿಟ್ಟಿದ್ದನ್ನು ಹೇಳುತ್ತೇನೆ. 1872ರ ಥಾಮಸ್ ಮೊಕದ್ದಮೆ: ನ್ಯಾಶ್‌ವಿಲ್‌ನಲ್ಲಿ ಕಸ್ಟಮ್ಸ್ ಅಧಿಕಾರಿ, ಸರ್ಕಾರಿ ಹಣದ ಠೇವಣಿದಾರ. ಬಂಡಾಯ ಸರ್ಕಾರದವರು ಬಲವಂತದಿಂದ ಹಣ ಕಿತ್ತುಕೊಂಡರು. ಸಾರ್ವಜನಿಕ ಶತ್ರುವಿನ ಕೃತ್ಯಕ್ಕೆ ಹೊಣೆ ಇಲ್ಲ ಅಂದಿತು ಕೋರ್ಟ್. ಪ್ರೆಸ್ಕಾಟ್ ನಿಯಮಕ್ಕೆ ಬಿದ್ದ ದೊಡ್ಡ ತೂತು ಅದು.

ಆದರೆ ಅದಕ್ಕೆ ಸ್ವಲ್ಪ ಮುಂಚೆ ಬೆವನ್ಸ್ ಅನ್ನುವವರು ಸೋತಿದ್ದರು. ಅರ್ಕನ್ಸಾದ ಬೇಟ್ಸ್‌ವಿಲ್ ಭೂಕಚೇರಿಯವರು. ಅವರ ಹಣವನ್ನೂ ಬಂಡಾಯದವರೇ ಒಯ್ದದ್ದು. ಸೋತದ್ದು ಯಾಕೆ? ಯುದ್ಧ ಶುರುವಾಗುವ ಮುಂಚೆಯೇ ಕಟ್ಟಬೇಕಾಗಿದ್ದ ಹಣವನ್ನು ಕಟ್ಟದೆ ಇಟ್ಟುಕೊಂಡಿದ್ದರು. ಶತ್ರು ಬರುವ ಹೊತ್ತಿಗೆ ಅದು ಕೈಯಲ್ಲಿರಲೇಬಾರದಿತ್ತು.

ಸುಮ್ನೆಓದುಗ
ಗಡುವು ಮೀರಿದ್ರೆ ಶತ್ರುನೂ ಕಾಪಾಡಲ್ಲ 😀

ಬಿಡಿಲೆಕ್ಕ
1866ರ ಕಾಯ್ದೆ ಇಷ್ಟು ಚೆನ್ನಾಗಿದ್ದರೆ ಆಮೇಲೂ ಹೆಸರು ಹಾಕಿದ ಕಾಯ್ದೆಗಳು ಯಾಕೆ ಬಂದವು?

ತಾಳೆಪಟ್ಟಿ
ನಾನು ಮೊದಲಿಂದ ಬಡಕೊಳ್ತಿರೋದು ಅದೇ. ಆ ಕಾಯ್ದೆ ನಷ್ಟಕ್ಕೆ. ಹೆಚ್ಚು ಪಾವತಿ ನಷ್ಟವಲ್ಲ. ಸಟ್ಲರನಿಗೆ ಮುರಿಯುವುದು ಮರೆತ, ದಾಖಲೆ ಇಲ್ಲದೆ ಬಾಕಿ ಕೊಟ್ಟ, ಕಾನೂನನ್ನು ತಪ್ಪಾಗಿ ಓದಿ ಅಧಿಕಾರಿಗೆ ಮೇಲಿನ ದರ್ಜೆಯ ಸಂಬಳ ಕೊಟ್ಟ, ಇವು ಯಾವುವೂ ಒಳಗೆ ಬರಲ್ಲ. ಹಣ ಕಳೆದುಹೋಗಿಲ್ಲ, ಪೇಮಾಸ್ಟರ್ ಕೈಯಾರೆ ಕೊಟ್ಟಿದ್ದಾನೆ. ಅಂಥವನು ಮತ್ತೆ ಕಾಂಗ್ರೆಸ್ ಬಾಗಿಲಿಗೇ.

ಕರಿಕೋಟು
ಭಾಗಶಃ ಒಪ್ಪುತ್ತೇನೆ. ವೋಚರ್ ಕಳೆದದ್ದರಿಂದ ಜಮಾ ಸಿಗದೆ ಹೋದರೆ ಅದು ಕಾಯ್ದೆಯೊಳಗೇ ಬರುತ್ತದೆ, "ವೋಚರ್, ದಾಖಲೆ, ಕಾಗದಪತ್ರ" ಅಂತ ಬಿಡಿಸಿ ಬರೆದಿದೆ. ನೀವು ಎಲ್ಲ ವೋಚರ್ ಜಗಳವನ್ನೂ ಹೊರಗೆ ಹಾಕಬೇಡಿ.

ತಾಳೆಪಟ್ಟಿ
ಕಳೆದ ವೋಚರ್ ಒಳಗೆ, ತಪ್ಪು ವೋಚರ್ ಹೊರಗೆ. ಸಾಕಾ? ಬಾಕಿಯ ಪಟ್ಟಿಯಲ್ಲಿ ಕಷ್ಟ ಕೊಡೋದು ಎರಡನೆಯದು.

ಸುಮ್ನೆಓದುಗ
ನಮ್ಮ ಸೈನ್ಯದಲ್ಲಿ ಹೇಗೆ? ಅಲ್ಲೂ ಮೇಜರ್ ತಲೆಮೇಲೆ ಪೆಟ್ಟಿಗೆನಾ?

ಒಂಟಿಕೊಪ್ಪಲ್
ಇಲ್ಲ. ನಮ್ಮಲ್ಲಿ ಸಿಪಾಯಿಯ ಸಂಬಳದ ಖಾತೆ ಪಡೆಯ ಜೊತೆ ಅಲೆಯುವುದಿಲ್ಲ. ರಕ್ಷಣಾ ಲೆಕ್ಕಪತ್ರ ಇಲಾಖೆಯ ಪೇ ಅಂಡ್ ಅಕೌಂಟ್ಸ್ ಆಫೀಸಿನಲ್ಲಿ ಇರುತ್ತದೆ, ಆಯಾ ರೆಜಿಮೆಂಟಲ್ ಕೇಂದ್ರಕ್ಕೆ ಹೊಂದಿಕೊಂಡ ಹಾಗೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರದ್ದು ಬೆಂಗಳೂರಲ್ಲೇ. ಗಡಿಯಲ್ಲಿ ನಗದು ಕೊಟ್ಟರೆ ಅಕ್ವಿಟೆನ್ಸ್ ರೋಲಿನಲ್ಲಿ (ಹಣ ಪಡೆದವರ ಪಟ್ಟಿ) ಸಹಿ, ಆ ಕಾಗದ ಹಿಂದಕ್ಕೆ ಬಂದು ಖಾತೆಯಲ್ಲಿ ಖರ್ಚು ಬೀಳುತ್ತದೆ. ಈಗ ಬ್ಯಾಂಕಿಗೇ ಹೋಗುವುದರಿಂದ ಅದೂ ಕಡಿಮೆ. ನಗದು ಕಳೆದರೆ ಕೋರ್ಟ್ ಆಫ್ ಎಂಕ್ವಯರಿ (ಸೈನ್ಯದ ಒಳಗಿನ ವಿಚಾರಣೆ) ಕೂರುತ್ತದೆ, ನಿರ್ಲಕ್ಷ್ಯ ಇದ್ದರೆ ವಸೂಲಿ, ಇಲ್ಲದಿದ್ದರೆ ಮೊತ್ತಕ್ಕೆ ತಕ್ಕ ದರ್ಜೆಯ ಅಧಿಕಾರಿ ಆ ನಷ್ಟವನ್ನು ಲೆಕ್ಕದಿಂದ ಕೈಬಿಡುತ್ತಾರೆ. ಸಂಸತ್ತಿನವರೆಗೆ ಹೋಗಬೇಕಿಲ್ಲ.

ಕರಿಕೋಟು
ಅಮೆರಿಕದಲ್ಲೂ ಈಗ ಹೆಚ್ಚುಕಡಿಮೆ ಹಾಗೇ. ಸಶಸ್ತ್ರ ಪಡೆಯ ಹಣ ಹಂಚುವ ಅಧಿಕಾರಿ ಕರ್ತವ್ಯದಲ್ಲಿದ್ದ, ತಪ್ಪಿಲ್ಲ ಅಂತ ಇಲಾಖೆಯ ಕಾರ್ಯದರ್ಶಿ ತೀರ್ಮಾನಿಸಿದರೆ ಅದೇ ಅಂತಿಮ. 1866ರ ಕಾಯ್ದೆಯ ಮೊಮ್ಮಗ ಕೂಡ ಅಲ್ಲಿನ ಸಂಹಿತೆಯಲ್ಲಿ ಇನ್ನೂ ಜೀವಂತ ಇದ್ದಾನೆ.

ಧಾರವಾಡಪೇಡೆ
ಮೇಜರ್ ವಾಮ್ ಅಂತ ಒಬ್ಬಾಂವ ಇದ್ನಲ್ರೀ, ಅರಿಜೋನಾದಾಗ 1889ರ ಮೇ 11ಕ್ಕ ಪಗಾರದ ಗಾಡಿ ಲೂಟಿ ಆತು, 28,000 ಡಾಲರ್ ಮ್ಯಾಲೆ ಹೋತು. ಕಾವಲಿಗಿದ್ದ ಕಪ್ಪು ಸಿಪಾಯಿಗಳು ಗುಂಡು ತಿಂದು ಕಾದಿದ್ರು, ಇಬ್ಬರಿಗೆ ಮೆಡಲ್ ಆಫ್ ಆನರ್ ಸಿಕ್ತು. ಲೂಟಿ ಮಾಡಿದವ್ರು ಅಂತ ಹಿಡದವ್ರು ಖುಲಾಸೆ ಆದ್ರು. ಶಾಂತಿ ಕಾಲದಾಗೂ 1866ರ ಕಾಯ್ದೆ ನಡೀತೈತೇನು?

ಕರಿಕೋಟು
ನಡೆಯುತ್ತದೆ. "ಶತ್ರುವಿನ ಕೈಸೇರಿ ಅಥವಾ ಬೇರೆ ರೀತಿಯಲ್ಲಿ" ಅನ್ನುವಲ್ಲಿ ಎರಡನೇ ಭಾಗ ಅದಕ್ಕೇ ಇದೆ. ಕ್ಲಾರ್ಕ್ ಕೂಡ ತಿಜೋರಿ ಕಳವೇ ಹೊರತು ಶತ್ರು ದಾಳಿ ಅಲ್ಲ.

ಬಿಡಿಲೆಕ್ಕ
ಎಲ್ಲರಿಗೂ ಥ್ಯಾಂಕ್ಸ್. ಹೆಸರಿನ ಕಾಯ್ದೆಗಳನ್ನು ಮತ್ತೆ ಕೂತು ಓದ್ತೀನಿ. ಯಾವುದು ನಿಜವಾದ ಲೆಕ್ಕದ ಜಗಳ, ಯಾವುದು ವಶೀಲಿ ಅಂತ ಗುರುತಿಸೋಕೆ ಏನಾದ್ರೂ ದಾರಿ ಇದೆಯಾ?

ಹಳೇಕಡತ
1845ರವರೆಗಿನ ಖಾಸಗಿ ಕಾಯ್ದೆಗಳೆಲ್ಲ, ಅಂದರೆ ಹೀಗೆ ಹೆಸರು ಹಾಕಿದವು, ಅಮೆರಿಕದ ಕಾಯ್ದೆ ಸಂಪುಟಮಾಲೆ ಸ್ಟಾಟ್ಯೂಟ್ಸ್ ಅಟ್ ಲಾರ್ಜ್‌ನ 6ನೇ ಸಂಪುಟದಲ್ಲಿ ಒಟ್ಟಿಗಿವೆ, ಅಲ್ಲಿಂದ ಶುರು ಮಾಡಿ. ಕ್ರಿಯಾಪದ ನೋಡಿ. "ಲೆಕ್ಕಾಧಿಕಾರಿಗಳು ಸಮತೆ ಮತ್ತು ನ್ಯಾಯದ ತತ್ವದ ಮೇಲೆ ಲೆಕ್ಕ ಇತ್ಯರ್ಥ ಮಾಡಲಿ" ಅಂತಿದ್ದರೆ ಕಾಂಗ್ರೆಸ್ ಮೊತ್ತ ಹೇಳಿಲ್ಲ, ಆಡಿಟರಿನ ಕೈಕಟ್ಟು ಬಿಚ್ಚಿದೆ ಅಷ್ಟೆ. ಮತ್ತೆ ವೋಚರ್ ತರಬೇಕು, ಮತ್ತೆ ವಾದ ಮಾಡಬೇಕು. "ಇಷ್ಟು ಮೊತ್ತ ಜಮಾ ಹಿಡಿಯಲಿ" ಅಂತಿದ್ದರೆ ಸಮಿತಿ ಲೆಕ್ಕ ನೋಡಿದೆ, ಅದರ ವರದಿ ಹುಡುಕಿ ಓದಿ. ಬರೀ "ಇಷ್ಟು ಹಣ ಪಾವತಿ ಮಾಡಲಿ" ಅಂತಿದ್ದು ಹಿಂದೆ ವರದಿಯೂ ಸಿಗದಿದ್ದರೆ ಆಗ ಅನುಮಾನ ಪಡಿ.

ತಾಳೆಪಟ್ಟಿ
ಜಾಮೀನುದಾರರ ಹೆಸರೂ ಕಾಯ್ದೆಯಲ್ಲಿದೆಯಾ ನೋಡಿ. ಇದ್ದರೆ ಪೇಮಾಸ್ಟರ್ ಸತ್ತಿದ್ದಾನೆ ಅಥವಾ ದಿವಾಳಿಯಾಗಿದ್ದಾನೆ, ಸರ್ಕಾರ ಅವರ ಬೆನ್ನು ಹತ್ತಿದೆ ಅಂತ ಅರ್ಥ. ಅಂಥ ಕಡತಗಳಲ್ಲೇ ವೋಚರಿನ ಪೂರ್ತಿ ಪಟ್ಟಿ ಸಿಗೋದು, ಯಾಕೆಂದರೆ ಜಾಮೀನುದಾರ ಒಂದೊಂದು ಡಾಲರಿಗೂ ಜಗಳ ಆಡಿರುತ್ತಾನೆ.